ಬಿಕ್ಕಳಿಸುವ ದೀಪ

ಆ ಕಾಲಕ್ಕೆ ಜೋಗುಳ ಹಾಡುವವರೇ ಇರಲಿಲ್ಲ ಅಂತಲ್ಲ. ಹಾಡು ಬರುವವರ ಮನೆಯಲ್ಲಿ ಕೂಸಿರಲಿಲ್ಲ, ಕೂಸಿದ್ದವರಿಗೆ ಹಾಡು ಬರುತ್ತಿರಲಿಲ್ಲ, ಎರಡೂ ಇದ್ದವರಿಗೆ ಪುರುಸೊತ್ತಿರಲಿಲ್ಲ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಅನ್ನುವ ಹಾಗೆ. ಹಾಗೆ ಖಾಲಿ ಬಿದ್ದ ಜಾಗದಲ್ಲಿ ಬಂದು ಕೂತದ್ದು ಚುಕ್ಕಿದೀಪ.

ನೋಡುವುದಕ್ಕೆ ಏನೂ ಇಲ್ಲ, ಅಂಗೈ ಅಗಲದ ದುಂಡನೆಯ ಡಬ್ಬಿ. ಮಗುವಿನ ಹಾಸಿಗೆಯ ಪಕ್ಕ ಇಟ್ಟು ಗುಂಡಿ ಒತ್ತಿದರೆ ಚಾವಣಿಯ ತುಂಬ ನೀಲಿ ಚುಕ್ಕಿಗಳು. ಮಗುವಿನ ಮೈಕೆಳಗೆ ಹಾಸಲು ಒಂದು ತೆಳು ಹಾಸು, ಅದರೊಳಗೆ ಕೂದಲೆಳೆಯಂಥ ಬೆಳ್ಳಿತಂತಿ. ಮಗು ಉಸಿರೆಳೆದದ್ದು, ಬಿಟ್ಟದ್ದು ಆ ತಂತಿಯ ಮೂಲಕ ದೀಪಕ್ಕೆ ತಿಳಿಯುತ್ತದೆ. ಉಸಿರಿನ ಲಯಕ್ಕೆ ಸರಿಯಾಗಿ ಚುಕ್ಕಿಗಳು ಹಿಗ್ಗುತ್ತವೆ, ಕುಗ್ಗುತ್ತವೆ. ಮೊದಲು ಮಗು ಹೇಗೋ ಹಾಗೆ. ಆಮೇಲೆ ಒಂದಿಷ್ಟು ನಿಧಾನ, ಇನ್ನೊಂದಿಷ್ಟು ನಿಧಾನ. ಮಗುವಿಗೇ ಗೊತ್ತಿಲ್ಲದಂತೆ ಅದರ ಉಸಿರು ಚುಕ್ಕಿಗಳ ಬೆನ್ನು ಹತ್ತುತ್ತದೆ. ಹನ್ನೆರಡೇ ನಿಮಿಷಕ್ಕೆ ನಿದ್ದೆ.

ಇಪ್ಪತ್ತೆರಡು ವರ್ಷದಲ್ಲಿ ಹನ್ನೊಂದು ಲಕ್ಷ ಮನೆಗಳಿಗೆ ಈ ದೀಪ ಹೋಯಿತು. ತೊಟ್ಟಿಲು ಕೊಡುವ ಸೋದರಮಾವಂದಿರು ಚುಕ್ಕಿದೀಪ ಕೊಡತೊಡಗಿದರು. ರಾತ್ರಿ ಎಂಟೂವರೆಗೆ ಗುಂಡಿ ಒತ್ತುವುದು, ಬಾಗಿಲು ಮುಂದೆ ಮಾಡಿ ತಮ್ಮ ಕೆಲಸಕ್ಕೆ ಹೋಗುವುದು, ಇಷ್ಟೇ ಉಳಿಯಿತು ಹೆತ್ತವರ ಪಾಲಿಗೆ. ಎಲ್ಲರೂ ಸುಖವಾಗಿದ್ದರು.

ದೀಪಕ್ಕೆ ಒಂದೇ ಒಂದು ಐಬಿತ್ತು. ಆಗೊಮ್ಮೆ ಈಗೊಮ್ಮೆ ಚುಕ್ಕಿಗಳೆಲ್ಲ ಇದ್ದಲ್ಲೇ ಸ್ತಬ್ಧವಾಗಿಬಿಡುತ್ತಿದ್ದವು. ಮೂರು ನಾಲ್ಕು ಎಣಿಸುವಷ್ಟು ಹೊತ್ತು. ಮತ್ತೆ ಏನೂ ಆಗಿಲ್ಲವೆಂಬಂತೆ ಮುಂದುವರಿಯುತ್ತಿದ್ದವು. ಜನ ಇದನ್ನು ಬಿಕ್ಕಳಿಕೆ ಅಂದರು.

ಗದಗಿನ ಚುಕ್ಕಿದೀಪ ಸಂಸ್ಥೆಯಲ್ಲಿ ಈ ಬಿಕ್ಕಳಿಕೆಯ ದೂರು ಕೇಳಲೆಂದೇ ಒಬ್ಬಾಕೆ ಇದ್ದಳು. ಹೆಸರು ದಾನೇಶ್ವರಿ ಹೊಂಬಳ, ಎಲ್ಲರಿಗೂ ದಾನಕ್ಕ. ಐವತ್ತೆಂಟು ವರ್ಷ. ಸಂಜೆ ಏಳಕ್ಕೆ ಕಿವಿಗೆ ಫೋನು ಸಿಕ್ಕಿಸಿಕೊಂಡು ದೊಡ್ಡ ಪರದೆಯ ಮುಂದೆ ಕೂತರೆ ಹನ್ನೊಂದರವರೆಗೆ ಏಳುತ್ತಿರಲಿಲ್ಲ. ಪರದೆಯ ಮೇಲೆ ಹನ್ನೊಂದು ಲಕ್ಷ ದೀಪಗಳು ಸಾಸಿವೆ ಚೆಲ್ಲಿದಂತೆ ಕಾಣುತ್ತಿದ್ದವು.

"ಮೇಡಂ, ನಿಮ್ಮ ದೀಪ ಬಿಕ್ಕಳಿಸಾಕತ್ತೈತ್ರಿ."

"ಕೆಟ್ಟಿಲ್ರಿ. ಅದು ಕೇಳಾಕತ್ತೈತಿ."

"ಏನ್ ಕೇಳತೈತಿ?"

"ನಿಮ್ಮ ಕೂಸಿನ ಉಸರು."

ಅತ್ತ ಕಡೆಯವರು ನಗುತ್ತಿದ್ದರು. ಮುದುಕಿ ಚೆನ್ನಾಗಿ ಸಾಗಹಾಕುತ್ತಾಳೆ ಅಂದುಕೊಂಡು ಫೋನಿಡುತ್ತಿದ್ದರು. ದಾನಕ್ಕ ನಿಜವನ್ನೇ ಹೇಳುತ್ತಿದ್ದಳು. ಆದರೆ ನಿಜ ಹೇಳಿದವರನ್ನು ಯಾರು ನಂಬಿದ್ದಾರೆ!

ದಿನಾ ಆರಕ್ಕೇ ಬಂದು, ಪಾಳಿ ಶುರುವಾಗುವ ಮುಂಚೆ ಆಕೆ ಕಟ್ಟಡದ ಹಿಂದಿನ ಹಳೆಯ ಕೋಣೆಗೆ ಹೋಗುವುದು ರೂಢಿ. ಸಂಸ್ಥೆ ಶುರುವಾದದ್ದು ಆ ಕೋಣೆಯಲ್ಲೇ. ಅಲ್ಲಿ ಮೊಟ್ಟಮೊದಲ ದೀಪ ಇನ್ನೂ ಇತ್ತು. ಅದು ಯಾರ ಉಸಿರನ್ನೂ ಓದುತ್ತಿರಲಿಲ್ಲ. 'ಮಾದರಿ ಒಂದು' ಎಂಬ ಹಳೆಯ ದಾಖಲೆಯನ್ನಷ್ಟೇ ಚಾವಣಿಯ ಮೇಲೆ ಆಡಿಸುತ್ತಿತ್ತು. ನಲವತ್ತು ನಿಮಿಷದ ದಾಖಲೆ, ಎರಡು ಉಸಿರು. ಒಂದು ದೊಡ್ಡದು, ಒಂದು ಸಣ್ಣದು. ಯಾವಳೋ ತಾಯಿ ಯಾವುದೋ ಮಗುವನ್ನು ಪಕ್ಕದಲ್ಲಿ ಹಾಕಿಕೊಂಡು ಮಲಗಿಸಿದ್ದು. ಹನ್ನೊಂದು ಲಕ್ಷ ದೀಪಗಳೂ ಮಲಗಿಸುವ ವಿದ್ಯೆ ಕಲಿತದ್ದು ಆ ದಾಖಲೆಯಿಂದ. ಹೆಸರು ಮಾತ್ರ ಬರೆದಿರಲಿಲ್ಲ. ಸಂಸ್ಥೆಯ ಮುಖ್ಯಸ್ಥರಾದ ಡಾಕ್ಟರ್ ಸುಧೀಂದ್ರ ಇನಾಮದಾರರು ತಮ್ಮ ಪ್ರಬಂಧಗಳಲ್ಲಿ 'ಅನಾಮಧೇಯ ತಾಯಿ' ಎಂದು ಬರೆದು ಕೈತೊಳೆದುಕೊಂಡಿದ್ದರು.

ದಾನಕ್ಕ ಹತ್ತು ನಿಮಿಷ ಆ ದೀಪದ ಕೆಳಗೆ ನೆಲದ ಮೇಲೆ ಮಲಗಿ ಎದ್ದು ಬರುತ್ತಿದ್ದಳು. ಬೆನ್ನುನೋವು ಪಾಪ, ಅನ್ನುತ್ತಿದ್ದರು ನೋಡಿದವರು.

ಒಂದು ಶನಿವಾರ ತಸ್ಲೀಮಾ ಆ ಕೋಣೆಗೇ ಹುಡುಕಿಕೊಂಡು ಬಂದಳು. ತಸ್ಲೀಮಾ ನದಾಫ್ ಇಪ್ಪತ್ತೆಂಟರ ಇಂಜಿನಿಯರು. ದೀಪಗಳ ಮಿದುಳು ತಿದ್ದುವ ಕೆಲಸ ಅವಳದು. ದಾನಕ್ಕನ ಬುತ್ತಿಯ ಶೇಂಗಾಚಟ್ನಿಗೆ ಪಾಲುದಾರಳು.

"ಅಕ್ಕಾ, ಖುಷಿ ಸುದ್ದಿ. ಇವತ್ತ ಸಂಜಿಗೆ ಎಲ್ಲಾ ದೀಪಕ್ಕೂ ಹೊಸಾ ಆವೃತ್ತಿ ಹೊಕ್ಕೈತಿ. ಬಿಕ್ಕಳಿಕಿ ಇರಂಗಿಲ್ಲ. ಹರಿಯೋ ನೀರಿನಂಗ ಹೋಗತಾವ ಚುಕ್ಕಿ."

"ತಗದ್ರೇನು?" ಅಂದಳು ದಾನಕ್ಕ, ಮಲಗಿದಲ್ಲಿಂದಲೇ.

"ಹೂಂ. ಮಾದರಿ ಒಂದರಾಗ ಏನೋ ದೋಷ ಇತ್ತಂತ. ಇಷ್ಟು ವರ್ಷ ಎಲ್ಲಾ ದೀಪಕ್ಕೂ ಅದ ಅಂಟಿಕೊಂಡು ಬಂದೈತಿ. ಸರ್ ಅದನ್ನ ಪೂರ್ತಿ ಸೋಸಿ ಬಿಟ್ಟಾರ. ಈ ಕ್ವಾಣಿನೂ ಕೆಡವತಾರ. ಇನ್ನೊಂದು ಕಾಯ್ದೆ ಬಂದೈತಲ್ಲ, ಹೆತ್ತವರ ಸಹಿ ಇಲ್ಲದ ಮಕ್ಕಳ ದಾಖಲಿ ಇಟ್ಕೊಳ್ಳಂಗಿಲ್ಲ. ಮಾದರಿ ಒಂದಕ್ಕ ಸಹಿನೂ ಇಲ್ಲ, ಹೆಸರೂ ಇಲ್ಲ. ಬರೂ ಶುಕ್ರವಾರ ಅಳಿಸಿ ಹಾಕತಾರ."

ದಾನಕ್ಕನಿಗೆ ಮಾತು ಗಂಟಲವರೆಗೂ ಬಂತು. ಬಂದದ್ದನ್ನು ನುಂಗಿಕೊಂಡಳು. ಇಪ್ಪತ್ತೆರಡು ವರ್ಷ ನುಂಗಿ ರೂಢಿಯಾದವಳಿಗೆ ಅದೇನು ದೊಡ್ಡದಲ್ಲ.

ಆ ಅನಾಮಧೇಯ ತಾಯಿ ದಾನಕ್ಕನೇ. ಸಣ್ಣ ಉಸಿರು ಅವಳ ಮಗಳು ಸಂಪಿಯದು.

ಸಂಸ್ಥೆ ಅಂದರೆ ಆಗ ಇನಾಮದಾರರು, ನಾಲ್ಕು ಮೇಜು, ಅಷ್ಟೇ. ಬೆಳ್ಳಿತಂತಿಯ ಹಾಸು ಹೊಲಿಯಲು ಯಂತ್ರಕ್ಕೆ ಕೊಟ್ಟರೆ ತಂತಿ ತುಂಡಾಗುತ್ತಿತ್ತು. ಕೌದಿ ಹೊಲಿಯುವ ಕೈಯೇ ಬೇಕೆಂದು ಹುಡುಕಿದಾಗ ಸಿಕ್ಕವಳು ಹೊಂಬಳದ ದಾನೇಶ್ವರಿ. ಹಳೆಯ ಸೀರೆಗಳನ್ನು ಪದರ ಪದರ ಇಟ್ಟು ಕೌದಿ ಹೊಲಿಯುವುದನ್ನು ಅವ್ವನಿಂದ ಕಲಿತವಳು. ಕೆಲಸ ಸಿಕ್ಕಿತು, ಆದರೆ ಕೂಸನ್ನು ಕರೆತರಬಾರದು ಅನ್ನುವ ಕಟ್ಟಳೆ. ಕೂಸೋ ಏಳು ತಿಂಗಳಿಗೇ ಹುಟ್ಟಿದ್ದು, ಅಂಗೈ ಮೇಲಿನ ಅಳಿಲು. ದಿನ ತುಂಬದ ಕೂಸುಗಳು ನಿದ್ದೆಯಲ್ಲಿ ಉಸಿರಾಡುವುದನ್ನೇ ಮರೆಯುತ್ತವೆ, ಒಂದು ಕಣ್ಣಿಟ್ಟಿರು ಎಂದು ದವಾಖಾನೆಯಲ್ಲಿ ಹೇಳಿ ಕಳಿಸಿದ್ದರು. ಅಂಥ ಕೂಸನ್ನು ಯಾರ ಮನೆಯಲ್ಲಿ ಬಿಡುವುದು? ಗಂಡ ಲಾರಿ ಮೇಲೆ ಹೋದರೆ ಹದಿನೈದು ದಿನ ಪತ್ತೆಯಿಲ್ಲ. ಹೀಗಾಗಿ ಬಟ್ಟೆ ತುಂಡಿನ ಬುಟ್ಟಿಯಲ್ಲಿ ಕೂಸನ್ನಿಟ್ಟುಕೊಂಡು ಕದ್ದು ತರುತ್ತಿದ್ದಳು. ಮಧ್ಯಾಹ್ನ ಉಳಿದವರು ಊಟಕ್ಕೆ ಹೋದಾಗ ಬಾಗಿಲು ಮುಂದೆ ಮಾಡಿ, ಆಗಷ್ಟೇ ಹೊಲಿದ ಹಾಸಿನ ಮೇಲೆ ಅದನ್ನು ಮಲಗಿಸಿ ತಾನೂ ಮಗ್ಗುಲಾಗುತ್ತಿದ್ದಳು. ಕೂಸಿನ ಉಸಿರು ತೆಳುವಾಗುತ್ತ ಆಗುತ್ತ ಒಮ್ಮೆ ನಿಂತೇಬಿಡುತ್ತಿತ್ತು. ಆಗ ಅವಳದೂ ನಿಲ್ಲುತ್ತಿತ್ತು. ತನ್ನ ಉಸಿರಿನ ಸಪ್ಪಳವೂ ಅಡ್ಡ ಬರಬಾರದೆಂದು ಬಿಗಿಹಿಡಿದು ಕಿವಿಗೊಡುತ್ತಿದ್ದಳು. ಒಂದು, ಎರಡು, ಮೂರು. ಸಣ್ಣಗೆ ಸೂಂ ಎನ್ನುತ್ತಿತ್ತು ಕೂಸು. ಇವಳೂ ಉಸಿರು ಬಿಡುತ್ತಿದ್ದಳು.

ಒಂದು ದಿನ ಹಾಸಿನಿಂದ ಉಸಿರು ದಾಖಲಿಸುವ ಯಂತ್ರ ಆರಿಸುವುದನ್ನು ಯಾರೋ ಮರೆತಿದ್ದರು. ಮರುದಿನ ಮುಂಜಾನೆ ದಾಖಲೆ ನೋಡಿದ ಇನಾಮದಾರರು ಕುಣಿದಾಡಿಬಿಟ್ಟರು. ಯಾರದು, ಯಾರದು ಎಂದು ಎಲ್ಲರನ್ನೂ ಕೇಳಿದರು. ಕೆಲಸ ಹೋದೀತೆಂದು ದಾನಕ್ಕ ತಲೆ ಬಗ್ಗಿಸಿ ಸೂಜಿಗೆ ದಾರ ಪೋಣಿಸುತ್ತ ಕೂತಳು. ಆಮೇಲೆ ಹೇಳಿದರಾಯಿತು ಅಂದುಕೊಂಡಳು. ಆದರೆ ಆ 'ಆಮೇಲೆ' ಬರುವುದರೊಳಗೆ, ಎರಡು ವರ್ಷವೂ ತುಂಬಿರದ ಸಂಪಿಗೆ ಜ್ವರ ಬಂತು. ಮೂರೇ ದಿನದಲ್ಲಿ ಹೋಯಿತು ಕೂಸು. ಉಸಿರು ಮರೆಯುವುದನ್ನು ಕೂಸು ಎಂದೋ ಬಿಟ್ಟಿತ್ತು. ಕಿವಿಗೊಡುವುದನ್ನು ತಾಯಿ ಬಿಟ್ಟಿರಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಗಂಡ ಲಾರಿಯ ಜೊತೆಗೇ ಹೊಸಪೇಟೆಯಲ್ಲಿ ಬೇರೆ ಸಂಸಾರ ಹೂಡಿದ. ಇನ್ನು ಯಾರಿಗೆ ಹೇಳುವುದು, ಏನೆಂದು ಹೇಳುವುದು? ಸಂಪಿಯ ಒಂದು ಫೋಟೋ ಕೂಡ ನೆಟ್ಟಗಿರಲಿಲ್ಲ. ಉಳಿದದ್ದು ಆ ನಲವತ್ತು ನಿಮಿಷದ ಉಸಿರು. ಬರುವ ಶುಕ್ರವಾರ ಅದೂ ಇಲ್ಲ.

ಹೊಸ ಆವೃತ್ತಿ ಬಂದ ಮೇಲೆ ಎರಡು ದಿನ ದೂರಿನ ಕೋಣೆಯಲ್ಲಿ ಫೋನು ಬಡಿದುಕೊಳ್ಳಲೇ ಇಲ್ಲ. ಪರದೆಯ ಮೇಲೆ ಸಾಸಿವೆಕಾಳುಗಳು ಶಿಸ್ತಾಗಿ ಮಿನುಗುತ್ತಿದ್ದವು. ದಿನಕ್ಕೆ ಐವತ್ತು ಮಂದಿಯ ಜೊತೆ ಮಾತಾಡಿ ಮನೆಗೆ ಹೋಗುತ್ತಿದ್ದ ದಾನಕ್ಕ ಆ ಎರಡು ದಿನ ಒಬ್ಬರೊಡನೆಯೂ ಮಾತಾಡದೆ ಹೋದಳು. ಮನೆಯಲ್ಲಂತೂ ಮಾತಾಡಲು ಗೋಡೆಗಳಷ್ಟೇ. ಬೈದು ಫೋನಿಡುವವರೂ ಒಂದು ಬಳಗವೇ ಅಂತ ಅವಳಿಗೆ ಆಗ ತಿಳಿಯಿತು.

ಮೂರನೇ ದಿನ ಶುರುವಾಯಿತು ನೋಡಿ. ಮಕ್ಕಳು ಹನ್ನೆರಡು ನಿಮಿಷಕ್ಕೆ ಮಲಗುತ್ತಿದ್ದವು, ಹದಿನೈದನೆಯ ನಿಮಿಷಕ್ಕೆ ಬೆಚ್ಚಿ ಏಳುತ್ತಿದ್ದವು. ಮಲಗಿಸಿದರೆ ಮತ್ತೆ ಏಳುತ್ತಿದ್ದವು. ಬುಧವಾರದ ಹೊತ್ತಿಗೆ ಎಂಟು ಸಾವಿರ ದೂರು. ನಿದ್ದೆಗೆಟ್ಟ ಅಪ್ಪಂದಿರು, ಅಮ್ಮಂದಿರು ದಾನಕ್ಕನ ಕಿವಿಯಲ್ಲಿ ಕಿರುಚಿದರು.

"ರೂಢಿ ತಪ್ಪಿದ ಕಷ್ಟ ಇದು," ಅಂದರು ಇನಾಮದಾರರು, ಕನ್ನಡಕ ಒರೆಸಿಕೊಳ್ಳುತ್ತ. "ಒಂದು ವಾರದಾಗ ಸರಿ ಹೋಗ್ತದ. ದೋಷ ಇದ್ದದ್ದನ್ನ ತಿರುಗಿ ಹಾಕೂದು ವಿಜ್ಞಾನ ಅಲ್ಲ."

ದಾನಕ್ಕ ಆಗಲಾದರೂ ಹೇಳಬಹುದಿತ್ತು. ಅವರ ಮೇಜಿನವರೆಗೂ ಹೋಗಿ, "ಸರ್, ಚಹಾ ಆರತೈತಿ" ಎಂದಷ್ಟೇ ಹೇಳಿ ತಿರುಗಿ ಬಂದಳು.

ಗುರುವಾರ ಎಂಟು ಮುಕ್ಕಾಲಿಗೆ ಕೊಪ್ಪಳದಿಂದ ಒಂದು ಕರೆ. ಅತ್ತ ಕಡೆಯಿಂದ ಬೈಗುಳ ಬರಲಿಲ್ಲ, ಸಣ್ಣ ದನಿ ಬಂತು. ದೀಪದ ಬೆನ್ನಿಗಿರುವ ದೂರಿನ ಗುಂಡಿಯನ್ನು ಮಗುವೇ ಒತ್ತಿತ್ತು.

"ಹಲೋ. ನನ್ನ ಚುಕ್ಕಿ ಮಾತ ಕೇಳವಲ್ದು."

"ಯಾರವ್ವಾ ನೀ?"

"ಭುವಿ. ಐದು ವರ್ಷ."

"ನಿಮ್ಮವ್ವ ಎಲ್ಲಿ?"

"ಟೇಶನ್ನಿಗೆ ಹೋಗ್ಯಾಳ. ರಾತ್ರಿ ಪಾಳಿ. ಬಾಜೂಮನಿ ಆಂಟಿ ಬಾಗಲಾ ಹಾಕ್ಕೊಂಡು ಹೋದಳು."

ದಾನಕ್ಕ ಪರದೆಯಲ್ಲಿ ಕೊಪ್ಪಳದ ಆ ಒಂದು ಕಾಳನ್ನು ದೊಡ್ಡದು ಮಾಡಿಕೊಂಡಳು. ಹಾಸಿನಿಂದ ಬರುತ್ತಿದ್ದ ಉಸಿರಿನ ಗೆರೆ ಗಾಬರಿಬಿದ್ದು ಓಡುತ್ತಿತ್ತು.

"ಚುಕ್ಕಿ ಏನ್ ಮಾಡಾಕತ್ತಾವು?"

"ಮದ್ಲ ನಾ ಉಸರು ಹಿಡದ್ರ ಅವೂ ನಿಂದರತಿದ್ದವು. ನಾ ಬಿಟ್ಟ ಮ್ಯಾಲ ಹೋಗತಿದ್ದವು. ಈಗ ನಿಂದರವಲ್ಲವು. ನಾ ಕೆಳಗಿಳದು ನೋಡಿದೆ. ನಾ ಇಲ್ಲದಿದ್ರೂ ತಮ್ಮ ಪಾಡಿಗೆ ತಾವು ಹೊಂಟಾವು." ದನಿ ಸಣ್ಣಗಾಯಿತು. "ಅವಕ್ಕ ನಾ ಬೇಕಾಗಿಲ್ಲ."

ಇಷ್ಟು ವರ್ಷ ಎಂಥೆಂಥ ವಿದ್ವಾಂಸರು ದೋಷ ಎಂದು ಬರೆದದ್ದನ್ನು ಐದು ವರ್ಷದ ಈ ಕೂಸು ಸರಿಯಾಗಿ ಓದಿತ್ತು. ಪಕ್ಕದಲ್ಲಿ ಯಾರೂ ಇಲ್ಲದ ಮಗುವಿಗೆ, ನಿನ್ನ ಮುಂದಿನ ಉಸಿರಿಗಾಗಿ ಒಬ್ಬರು ಕಾದಿದ್ದಾರೆ ಎಂದು ಹೇಳುತ್ತಿದ್ದದ್ದು ಆ ಬಿಕ್ಕಳಿಕೆ.

"ಭುವಿ, ಚುಕ್ಕಿ ಆರಿಸು. ಡಬ್ಬಿನ ಕಿವಿ ಹತ್ರ ಇಟ್ಕೊಂಡು ಮಕ್ಕೊ. ನಾ ಉಸರಾಡತೀನಿ, ನೀ ಕೇಳು."

ಉಳಿದ ಕರೆಗಳೆಲ್ಲ ಬಡಿದುಕೊಳ್ಳುತ್ತಿದ್ದವು. ದಾನಕ್ಕ ಒಂದನ್ನೂ ಎತ್ತಲಿಲ್ಲ. ಕಣ್ಣು ಮುಚ್ಚಿ ಮೆಲ್ಲಗೆ ಉಸಿರೆಳೆದಳು, ಬಿಟ್ಟಳು. ಹತ್ತು ಸಲ, ಇಪ್ಪತ್ತು ಸಲ. ಫೋನಿನೊಳಗೆ ಸಣ್ಣ ಉಸಿರು ಹಿಂದೆ ಹಿಂದೆ ಬಂತು, ನಿಧಾನವಾಯಿತು, ತೆಳುವಾಯಿತು. ಆಮೇಲೆ ಏನೂ ಕೇಳಿಸಲಿಲ್ಲ. ದಾನಕ್ಕನ ಉಸಿರು ತನ್ನಷ್ಟಕ್ಕೇ ಗಪ್ಪನೆ ನಿಂತಿತು. ಅವಳೇನೂ ಬೇಕೆಂದು ಹಿಡಿದದ್ದಲ್ಲ. ಒಂದು, ಎರಡು, ಮೂರು. ಸೂಂ ಎಂದಿತು ಮಗು. ದಾನಕ್ಕ ಉಸಿರು ಬಿಟ್ಟಳು, ಜೊತೆಗೆ ಕಣ್ಣೀರೂ ಬಂತು. ಒರೆಸಿಕೊಳ್ಳಲು ಹೋದರೆ ಸಪ್ಪಳವಾದೀತೆಂದು ಹಾಗೇ ಬಿಟ್ಟಳು.

ಶುಕ್ರವಾರ ಮುಂಜಾನೆ ಒಂಬತ್ತಕ್ಕೆ ತಸ್ಲೀಮಾ ಮನೆಯ ಬಾಗಿಲಿಗೇ ಬಂದಳು. ರಾತ್ರಿ ಮಲಗಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು. ಒಳಗೆ ಬಂದವಳೇ ನೆಲದ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದಳು.

"ಅಕ್ಕಾ, ನಿನ್ನಿ ರಾತ್ರಿ ಇಡೀ ಕೊಪ್ಪಳದಾಗ ಒಂದ ಕೂಸು ನೆಟ್ಟಗ ಮಕ್ಕೊಂಡೈತಿ. ಯಾಕಂತ ನೋಡಿದ್ರ ಫೋನಿನ್ಯಾಗ ನೀವು. ಇದು ನಿಮ್ಮ ಉಸರಿನ ಗೆರಿ. ಇದು ಮಾದರಿ ಒಂದು." ಒಂದರ ಮೇಲೊಂದು ಇಟ್ಟಳು. ವಯಸ್ಸಿನಿಂದ ಈಗಿನ ಗೆರೆ ಒಂದಿಷ್ಟು ಭಾರವಾಗಿತ್ತು, ಅಷ್ಟೇ ವ್ಯತ್ಯಾಸ. ನಿಲ್ಲುವ ಜಾಗಗಳು, ಮತ್ತೆ ಹೊರಡುವ ರೀತಿ, ಎಲ್ಲ ಅದೇ. "ಇದು ದೋಷ ಅಲ್ಲ ಅಲ್ಲ? ನೀವು ಕೂಸಿನ ಉಸರಿಗೆ ಕಾಯಾಕತ್ತೀರಿ."

ದಾನಕ್ಕ ಆ ಗೆರೆಗಳ ಮೇಲೆ ಬೆರಳಾಡಿಸಿದಳು.

"ಸರ್ ನಂಬವಲ್ರು. ಎಲ್ಲಾ ತಾಯಂದಿರ ಉಸರೂ ಒಂದ ನಮೂನಿ ಇರತೈತಿ ಅಂತಾರ. ಮಧ್ಯಾಹ್ನ ಹನ್ನೆರಡಕ್ಕ ಅಳಸತಾರ ಅಕ್ಕಾ. ಅಳಿಸಿದ್ರ ಆ ಕಾಯೂದನ್ನ ಮತ್ತ ಎಲ್ಲಿಂದ ಕಲಿಸಲಿ ನಾ?" ತಸ್ಲೀಮಾ ತಲೆಗೆ ಕೈಹಚ್ಚಿ ಕೂತಳು. "ಅದೊಂದು ದಾಖಲಿ ನನಗ ಪೂರ್ತಿ ತಿಳಿಯೂದ ಇಲ್ಲ. ಹಾಸಿನ ಎಡಗಡೆ ಕೆಳಗಿನ ಮೂಲಿ ಸತ್ತೈತಿ. ಅಲ್ಲಿ ಒಂದು ತಂತಿನೂ ಮಾತಾಡಿಲ್ಲ. ಇಪ್ಪತ್ತೆರಡು ವರ್ಷ ಆತು, ಯಾಕಂತ ಸರ್‌ಗೂ ಗೊತ್ತಿಲ್ಲ."

"ರೊಟ್ಟಿ," ಅಂದಳು ದಾನಕ್ಕ.

"ಏನ್ರೀ?"

"ಜ್ವಾಳದ ರೊಟ್ಟಿ ಇಟ್ಟಿದ್ದೆ ಆ ಮೂಲ್ಯಾಗ."

ಹೇಳುತ್ತ ನಕ್ಕಳು, ನಗುತ್ತಲೇ ಸೆರಗು ಬಾಯಿಗೊತ್ತಿಕೊಂಡಳು. ಕೌದಿ ಹಸಿದಿರಬಾರದು ಅನ್ನುವುದು ಅವಳ ಅವ್ವನ ಮಾತು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲವಂತೆ. ಕೊನೆಯ ಮೂಲೆ ಮುಚ್ಚುವ ಮುಂಚೆ ಒಂದು ಚೂರು ರೊಟ್ಟಿ ಒಳಗಿಟ್ಟು ಹೊಲಿಯಬೇಕು. ವಿಜ್ಞಾನದ ಹಾಸಾದರೇನು, ಕೂಸು ಮಲಗುವುದಲ್ಲವೇ ಎಂದು ಮೊದಲ ಹಾಸಿಗೂ ಇಟ್ಟಿದ್ದಳು. ಮೂರೇ ದಿನಕ್ಕೆ ಇರುವೆ ಮುತ್ತಿದವು. ಯಾರೂ ನೋಡದ ಹಾಗೆ ಮೂಲೆ ಬಿಚ್ಚಿ ರೊಟ್ಟಿ ತೆಗೆಯುವಷ್ಟರಲ್ಲಿ ಅವು ತಂತಿಯ ಮೇಲಿನ ಅಂಟನ್ನೂ ಮೆದ್ದು ಮುಗಿಸಿದ್ದವು. ಹಾಗೇ ಹೊಲಿದುಬಿಟ್ಟಳು. ಕದ್ದು ತಂದ ಕೂಸಿನ ಜೊತೆ ಇದೂ ಒಂದು ಗುಟ್ಟಾಯಿತು.

ಒಂದು ಗುಟ್ಟು ಹೊರಬಿದ್ದ ಮೇಲೆ ಇನ್ನೊಂದು ತಡೆಯಲಿಲ್ಲ. ಬುಟ್ಟಿ, ಸಂಪಿ, ಜ್ವರ, ಎಲ್ಲವನ್ನೂ ಹೇಳಿದಳು. ಮಗಳ ಹೆಸರನ್ನು ಇನ್ನೊಬ್ಬರ ಮುಂದೆ ಬಾಯಿಬಿಟ್ಟು ಹೇಳಿ ಎಷ್ಟು ಕಾಲವಾಗಿತ್ತೆಂದರೆ, ನಾಲಗೆ ಒಮ್ಮೆ ತಡವರಿಸಿತು. ತಸ್ಲೀಮಾ ಅವಳ ಕೈ ಹಿಡಿದುಕೊಂಡು ಕೂತಿದ್ದಳು. ಆಮೇಲೆ ಗಡಿಯಾರ ನೋಡಿ, "ಏಳ್ರಿ ಅಕ್ಕಾ, ಸಹಿ ಮಾಡಬೇಕು," ಅಂದಳು.

ಹಳೆಯ ಹಾಸನ್ನು ಉಗ್ರಾಣದಿಂದ ತಂದು ಇನಾಮದಾರರ ಮೇಜಿನ ಮೇಲೆ ಎಡಮೂಲೆ ಬಿಚ್ಚಿದರು. ಎರಡು ಬಣ್ಣದ ದಾರ. ಒಮ್ಮೆ ಬಿಚ್ಚಿ ಮತ್ತೆ ಹೊಲಿದ ಗುರುತು. ಒಳಗೆ ಬೋಳು ತಂತಿ, ಒಂದೆರಡು ಒಣಗಿದ ಇರುವೆ. ಇನಾಮದಾರರು ಬಗ್ಗಿ ತಂತಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಇಪ್ಪತ್ತೆರಡು ವರ್ಷ ಇದನ್ನ ದೋಷ ಅಂತ ಬರದೇನಿ ನಾನು," ಅಂದರು. "ಒಂದು ಮಾತು ಹೇಳಬಾರದಾಗಿತ್ತೇನ್ರಿ ದಾನೇಶ್ವರಿಯವರ?"

"ಕೂಸು ತರಬ್ಯಾಡ ಅಂದಿದ್ರಲ್ರಿ ಸರ್."

ಇನಾಮದಾರರು ಒಪ್ಪಿಗೆಪತ್ರ ಹೊರತೆಗೆದರು. ಕಾಗದ ಮುಂದೆ ಸರಿಸಿದರು. ಮಗುವಿನ ಹೆಸರು ಎಂಬಲ್ಲಿ ದಾನಕ್ಕ ಬರೆದಳು: ಸಂಪದಾ. ತಾಯಿ ಎಂಬಲ್ಲಿ ತನ್ನ ಹೆಸರು. ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷವಿತ್ತು.

ಶನಿವಾರ ಸಂಜೆ ಹನ್ನೊಂದು ಲಕ್ಷ ದೀಪಗಳು ಮತ್ತೆ ಬಿಕ್ಕಳಿಸಿದವು. ಈ ಸಲ ತಸ್ಲೀಮಾ ಅವಕ್ಕೆ ಎಚ್ಚರದಿಂದಲೇ ಕಲಿಸಿದ್ದಳು: ಉಸಿರು ನಿಂತರೆ ನಿಲ್ಲು, ಬರುವವರೆಗೂ ಕಾಯಿ, ಅವಸರ ಮಾಡಬೇಡ. ಕೊಪ್ಪಳದ ಕಾಳು ಎಂಟು ನಲವತ್ತೆರಡಕ್ಕೆ ನಿದ್ದೆಹೋಯಿತು. ಒಂಬತ್ತಕ್ಕೆ ಹುಬ್ಬಳ್ಳಿಯಿಂದ ಒಬ್ಬರು ಫೋನು ಮಾಡಿ ದೀಪ ಬಿಕ್ಕಳಿಸುತ್ತಿದೆ ಎಂದು ರೇಗಿದರು. "ಕೇಳಾಕತ್ತೈತ್ರಿ ಅದು," ಅಂದಳು ದಾನಕ್ಕ, ಅವರು ನಕ್ಕು ಫೋನಿಟ್ಟರು.

ಹೊರಡುವಾಗ ತಸ್ಲೀಮಾ ಒಂದು ದೀಪವನ್ನೂ ಹಾಸನ್ನೂ ಚೀಲಕ್ಕೆ ಹಾಕಿ ಕೊಟ್ಟಳು. ಕೂಸಿಲ್ಲದ ಮನೆಗೆ ಯಾಕವ್ವಾ ಅಂದರೂ ಕೇಳಲಿಲ್ಲ. ಇಷ್ಟು ವರ್ಷ ಅವುಗಳ ದೂರು ಕೇಳಿದವಳು ಒಂದನ್ನೂ ಮನೆಗೆ ಒಯ್ದಿರಲಿಲ್ಲ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ದಾನಕ್ಕ ಕಿಟಕಿಗೆ ಕೌದಿ ಕಟ್ಟಿ ಕತ್ತಲು ಮಾಡಿದಳು. ಹಿಂದೆ ಬುಟ್ಟಿಯಿಂದ ಕೂಸನ್ನು ಎತ್ತಿಕೊಳ್ಳುತ್ತಿದ್ದದ್ದು ಇದೇ ಹೊತ್ತಿಗೆ. ಹಾಸು ಹಾಸಿ, ಗುಂಡಿ ಒತ್ತಿ, ಗೋಡೆಯ ಕಡೆ ಒಂದು ಗೇಣು ಜಾಗ ಬಿಟ್ಟು ಮಗ್ಗುಲಾದಳು. ಚಾವಣಿಯ ತುಂಬ ಚುಕ್ಕಿ. ಅವಳ ಉಸಿರಿನ ಜೊತೆ ಹಿಗ್ಗಿದವು, ಕುಗ್ಗಿದವು. ಮನೆಯಲ್ಲಿ ಬೇರೆ ಸಪ್ಪಳವಿರಲಿಲ್ಲ.

ಸ್ವಲ್ಪ ಹೊತ್ತಿಗೆ, ರೂಢಿಯ ಹಾಗೆ, ಉಸಿರು ಬಿಗಿಹಿಡಿದು ಖಾಲಿ ಜಾಗದ ಕಡೆ ಕಿವಿಗೊಟ್ಟಳು.

ಚುಕ್ಕಿಗಳು ನಿಂತವು.

ಒಂದು, ಎರಡು, ಮೂರು, ನಾಲ್ಕು. ಆ ಕಡೆಯಿಂದ ಏನೂ ಬರಲಿಲ್ಲ. ಇನ್ನು ಬರುವುದೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಕಾದಳು. ಐದು, ಆರು. ಚುಕ್ಕಿಗಳೂ ಮಿಸುಕಲಿಲ್ಲ. ಆಗ ಅವಳಿಗೆ ಹೊಳೆಯಿತು, ಅವು ಕಾಯುತ್ತಿರುವುದು ತನಗಾಗಿ. ತಾನು ಉಸಿರು ಬಿಡದೆ ಅವು ಕದಲುವಂತಿಲ್ಲ. ತಾನು ಮೂವತ್ತಾರರ ವಯಸ್ಸಿನಲ್ಲಿ ಕಲಿಸಿದ ಪಾಠ ಅದು, ಮರೆಯುವ ಜಾತಿಯದಲ್ಲ.

ಏಳು, ಎಂಟು.

"ಆತು ಬಿಡವ್ವಾ," ಎಂದು ದಾನಕ್ಕ ಉಸಿರು ಬಿಟ್ಟಳು. ಚುಕ್ಕಿಗಳು ಮೆಲ್ಲಗೆ ಹೊರಟವು.